ತೂತಪ್ಪನ ಎಲ್ಲಾ ಬಲ್ಲ ಯಂತ್ರ

ತೂತಪ್ಪನ ಕಷ್ಟಕ್ಕೆಲ್ಲ ಮೂಲ ಅವನ ದಾಕ್ಷಿಣ್ಯ. ಇಪ್ಪತ್ತು ವರ್ಷದಿಂದ ಕಾರ್ಖಾನೆಯ ಡ್ರಿಲ್ಲಿಂಗ್ ಯಂತ್ರದಲ್ಲಿ ಕಬ್ಬಿಣಕ್ಕೆ ತೂತು ಕೊರೆಯುತ್ತಿದ್ದುದರಿಂದ ಆ ಹೆಸರು. ತಪ್ಪಿಲ್ಲದೆ ಬರೆಯುತ್ತಾನೆಂದು ಯಜಮಾನರು ಅವನಿಗೊಂದು ಕೆಲಸ ಒಪ್ಪಿಸಿದ್ದರು: ಯಾವ ಯಂತ್ರಕ್ಕೆ ಏನೇನು ಬರುತ್ತದೆ ಎಂಬುದನ್ನು ಹೊಸ ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆದಿಡುವುದು. ಅದನ್ನು ಓದಿಕೊಂಡು ಕಂಪ್ಯೂಟರೇ ಕೆಲಸ ಹಂಚುತ್ತದೆ. ಅದು ಹೇಳದೆ ಯಾರೂ ಒಂದು ಮೊಳೆಯನ್ನೂ ಮುಟ್ಟುವಂತಿಲ್ಲ.

ಸುದ್ದಿ ತಿಳಿದದ್ದೇ ತಡ, ಎಲ್ಲರೂ ಅವನ ಬೆನ್ನು ಹತ್ತಿದರು.

“ನನ್ನ ಲೇತಿಗೆ ಏನೂ ಬರೋಲ್ಲ ಅಂತ ಬರಿಯಪ್ಪಾ, ಸೊಂಟ ನೋವು,” ಎಂದ ಕಬ್ಬಿಣ ಕಡೆಯುವ ಲೇತಿನ ಅಣ್ಣ.

“ನನ್ನ ಯಂತ್ರ ಇದೆ ಅಂತ ಬರಿ, ಸಾಕು. ಏನು ಮಾಡುತ್ತೆ ಅನ್ನೋದೆಲ್ಲ ಯಾಕೆ?” ಎಂದಳು ಸೀಳು ತೋಡುವ ಮಿಲ್ಲಿಂಗ್ ಯಂತ್ರದ ಅಕ್ಕ.

ಉಜ್ಜಿ ನುಣುಪು ಮಾಡುವ ಸಾಣೆ ಯಂತ್ರದಲ್ಲಿದ್ದವರು ಅವನ ಸ್ವಂತ ಮಾವನವರು. “ಅಳಿಯಂದ್ರೇ, ನಿವೃತ್ತಿಗೆ ಇನ್ನು ಆರೇ ತಿಂಗಳು,” ಎಂದಷ್ಟೇ ಹೇಳಿ ಪಿಳಿಪಿಳಿ ಕಣ್ಣು ಬಿಟ್ಟರು. ತೂತಪ್ಪ ಯಾರಿಗೂ ಇಲ್ಲವೆನ್ನದೆ, ಮೂವರೂ ಕೇಳಿದಂತೆಯೇ ಬರೆದ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯಿಂದ ಫೋನು. ನೀರೆತ್ತುವ ಪಂಪಿನ ದಂಡ ಮುರಿದಿದೆ, ಟ್ಯಾಂಕಿನ ನೀರು ಸಂಜೆಯವರೆಗೆ ಬಂದರೆ ಹೆಚ್ಚು, ಐದರೊಳಗೆ ಹೊಸ ದಂಡ ಬೇಕು. ಯಜಮಾನರು ಕಂಪ್ಯೂಟರಿಗೆ ನಕ್ಷೆ ಕೊಟ್ಟರು. ಅದು ಒಂದು ಕ್ಷಣ ಯೋಚಿಸಿ, ‘ಈ ಕೆಲಸ ಬಲ್ಲ ಯಂತ್ರ ಇಲ್ಲಿಲ್ಲ’ ಎಂದಿತು.

“ಏನಯ್ಯಾ ಬರೆದಿದ್ದೀಯಾ? ಹತ್ತು ನಿಮಿಷದಲ್ಲಿ ಸರಿ ಮಾಡು. ಇಲ್ಲಾಂದ್ರೆ ನಾಳೆಯಿಂದ ನೀನು ಬರೋದೇ ಬೇಡ!” ಎಂದು ಯಜಮಾನರು ತೂತಪ್ಪನ ಮೇಲೆ ರೇಗಿದರು.

ತೂತಪ್ಪ ಮೂವರ ಕಡೆ ನೋಡಿದ. ಮೂವರೂ ಬೇಡವೆಂದು ಗೋಣು ಅಲ್ಲಾಡಿಸಿದರು. ಬೇರೆ ದಾರಿ ಕಾಣದೆ ತನ್ನ ಡ್ರಿಲ್ಲಿಂಗ್ ಯಂತ್ರದ ಹೆಸರಿನ ಮುಂದೆಯೇ ಒಂದೇ ಉಸಿರಿಗೆ ಬರೆದ: ತೂತು ಕೊರೆಯುತ್ತದೆ, ಕಡೆಯುತ್ತದೆ, ಸೀಳು ತೋಡುತ್ತದೆ, ಉಜ್ಜಿ ನುಣುಪು ಮಾಡುತ್ತದೆ.

ಕಂಪ್ಯೂಟರಿಗೆ ಪರಮಾನಂದವಾಯಿತು. ತಾನಾಗಿ ಓಡುವ ತಳ್ಳುಗಾಡಿ ಕಬ್ಬಿಣದ ದಂಡವನ್ನು ಹೊತ್ತು ತಂದು, ಹೆಣ್ಣು ನೋಡಲು ಬಂದವರಂತೆ ಅವನೆದುರು ಗಂಭೀರವಾಗಿ ನಿಂತಿತು.

“ಅಣ್ಣಾ, ಕಾಲಿಗೆ ಬೀಳ್ತೀನಿ. ಆಸ್ಪತ್ರೆ ಕೆಲಸ,” ಎಂದು ತೂತಪ್ಪ ಲೇತಿನ ಅಣ್ಣನ ಹತ್ತಿರ ಹೋಗಿ ಬೇಡಿಕೊಂಡ.

“ಇವತ್ತೊಂದು ದಿನ ಮಾಡ್ಕೊಡ್ತೀನಿ. ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು.”

ದಂಡವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತೂತಪ್ಪ ಕೋಲು ನುಂಗಿದವನ ಹಾಗೆ ನೆಟ್ಟಗೆ ನಡೆದ. ಲೇತಿನಲ್ಲಿ ಹನ್ನೆರಡಾಯಿತು, ಅಕ್ಕನ ಬಳಿ ಎರಡೂವರೆ. ಮಾವನವರ ಸಾಣೆಗೆ ಕೊಟ್ಟು ಬಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಯಜಮಾನರು ಮೆಟ್ಟಿಲಿಳಿದು ನೇರ ಅವನತ್ತಲೇ ಬಂದರು.

ಯಂತ್ರ ಖಾಲಿ! ತೂತಪ್ಪ ಕೈಗೆ ಸಿಕ್ಕಿದ್ದನ್ನು ಅದರ ಹಿಡಿತಕ್ಕೆ ಸಿಕ್ಕಿಸಿ ಮೇಲೆ ಬಟ್ಟೆ ಮುಚ್ಚಿದ.

“ಎಲ್ಲಿಗೆ ಬಂತು?”

“ನಡೀತಿದೆ ಸಾರ್. ಹತ್ತಿರ ಬರಬೇಡಿ, ಕಿಡಿ ಹಾರುತ್ತೆ.”

“ಒಂದ್ಸಲ ಓಡಿಸು, ನೋಡೋಣ.”

ಗರ್ರ್ ಎಂದು ಡ್ರಿಲ್ಲು ಕೆಳಗಿಳಿದು ಅವನ ಊಟದ ಡಬ್ಬಿಯನ್ನು ಮುಚ್ಚಳದಿಂದ ತಳದವರೆಗೆ ತೂತು ಮಾಡಿತು. ಯಜಮಾನರು ಮೂಗು ಅರಳಿಸಿದರು.

“ಏನೋ ಒಗ್ಗರಣೆ ವಾಸನೆ?”

“ಬಿಸಿಯಾದ್ರೆ ಈ ಯಂತ್ರ ಹಾಗೇ ಸಾರ್.”

ನಾಲ್ಕೂಮುಕ್ಕಾಲಿಗೆ ದಂಡ ಸಿದ್ಧವಾಯಿತು. ತುದಿಗೆ ತಾನೊಂದು ತೂತು ಕೊರೆದು ತೂತಪ್ಪ ಗಾಡಿಯ ಮೇಲಿಟ್ಟ. ಐದೂವರೆಗೆ ಆಸ್ಪತ್ರೆಯಿಂದ ಫೋನು: ನೀರು ಬಂತು! ಹಸಿವಿನಿಂದ ಕಣ್ಣು ಕತ್ತಲೆಯಾಗುತ್ತಿದ್ದರೂ ತೂತಪ್ಪ ನಿಟ್ಟುಸಿರುಬಿಟ್ಟು ನಕ್ಕ.

ಯಜಮಾನರು ಎಲ್ಲರನ್ನೂ ಕರೆದರು. “ಬೇರೆ ಆಸ್ಪತ್ರೆಗಳಿಗೂ ಅದೇ ದಂಡ ಇನ್ನೂ ಇಪ್ಪತ್ತು ಬೇಕಂತೆ, ನಾಳೆ ಸಂಜೆಗೆ. ತೂತಪ್ಪಾ, ಕಂಪ್ಯೂಟರ್ ಎಲ್ಲಾ ನಿನ್ನ ಯಂತ್ರಕ್ಕೇ ಕೊಟ್ಟಿದೆ. ಉಳಿದವರ ಯಂತ್ರಕ್ಕೆ ಏನೂ ಬರಲ್ವಲ್ಲ, ಅವರು ಬಂದು ಏನು ಮಾಡ್ತಾರೆ? ನೀವು ಮೂವರೂ ನಿಮ್ಮ ಯಂತ್ರಕ್ಕೆ ಬೀಗ ಹಾಕಿ ಬೀಗದ ಕೈ ನನಗೆ ಕೊಡಿ. ನಾಳೆ ನಿಮಗೆ ಸಂಬಳ ಸಮೇತ ರಜೆ.”

“ಸಾರ್, ಸತ್ಯ ಹೇಳಿಬಿಡ್ತೀನಿ,” ಎಂದು ತೂತಪ್ಪ ಅಡ್ಡ ಬಂದ. “ನನ್ನ ಯಂತ್ರಕ್ಕೆ ತೂತು ಕೊರೆಯೋದು ಬಿಟ್ಟು ಏನೂ ಬರೋಲ್ಲ.”

“ಇಷ್ಟು ವಿನಯ ಒಳ್ಳೇದಲ್ಲಯ್ಯಾ,” ಎಂದು ಯಜಮಾನರು ಅವನ ಬೆನ್ನು ತಟ್ಟಿ ಮೆಟ್ಟಿಲು ಹತ್ತಿದರು.

ಅಣ್ಣ ಸೊಂಟ ನೋವು ಮರೆತು ಶಿಳ್ಳೆ ಹಾಕುತ್ತ ಹೊರಟ. ಹಿಂದೆಯೇ ಅಕ್ಕ. ಗಾಡಿ ಇಪ್ಪತ್ತು ದಂಡ ಹೊತ್ತು ಬಂದು ತೂತಪ್ಪನೆದುರು ನಿಂತಿತು. ಬಾಗಿಲಲ್ಲಿ ಮಾವನವರು ತಿರುಗಿ ನೋಡಿದರು.

“ಯೋಚನೆ ಮಾಡಬೇಡಿ ಅಳಿಯಂದ್ರೇ. ನೀವು ನಾಳೆ ಮನೆಗೆ ಬರೋದು ತಡ ಅಂತ ಮಗಳಿಗೆ ನಾನೇ ಹೇಳ್ತೀನಿ.”