ಪುಣೆಯಲ್ಲಿ ನನ್ನನ್ನು ಸಮಾಧಾನ ಮಾಡಿದವರು

ಯಾರ ಹತ್ತಿರವಾದರೂ ಕೂತು ಮನಸ್ಸು ಹಗುರ ಮಾಡಿಕೊಳ್ಳೋಣ ಅಂತ ನಾನು ಹೊರಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಬಾಗಲಕೋಟೆಯಿಂದ ಪುಣೆಗೆ ಎಂಬಿಬಿಎಸ್ ಓದಲು ಬಂದಾಗಿನಿಂದ ಇದೇ ಕತೆ. ಈಗ ಇಂಟರ್ನ್‌ಶಿಪ್ ತನಕ ಬಂದು ಮುಟ್ಟಿದ್ದೇನೆ. ಹೇಗೆ ಮುಟ್ಟಿದೆ ಅನ್ನುವುದು ಕೇಳುವಂಥದ್ದು.

ದಾರಿ ತಪ್ಪಿದವರು

ಮೊದಲನೇ ವರ್ಷ ಅನಾಟಮಿ ಪರೀಕ್ಷೆಯಲ್ಲಿ ಫೇಲಾದೆ. ಶಾಲೆಯಲ್ಲಿ ಎಂದೂ ಮೊದಲ ಸ್ಥಾನ ಬಿಟ್ಟುಕೊಟ್ಟವಳಲ್ಲ. ಓದು ಬಿಟ್ಟು ಊರಿಗೆ ಹೋಗಿಬಿಡೋಣ ಅನ್ನಿಸಿತು. ವಿದ್ಯಾರ್ಥಿಗಳ ಕಷ್ಟ ಕೇಳಲೆಂದೇ ಕಾಲೇಜಿನಲ್ಲಿ ಒಬ್ಬರು ಕೌನ್ಸೆಲರ್ ಮೇಡಂ ಇದ್ದರು. ಯಾರ ಕಣ್ಣಿಗೂ ಬೀಳಬಾರದೆಂದು ಊಟದ ಬಿಡುವಿನಲ್ಲಿ ಅವರ ಕೋಣೆಗೆ ಹೋದೆ.

ಹೊರಗಿನ ಬೆಂಚಿನ ಮೇಲೆ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ಕೂತಿದ್ದಳು.

"ಏನಿಲ್ಲ, ಲೈಬ್ರರಿ ಹುಡುಕುತ್ತಾ ಬಂದೆ" ಅಂದೆ.

"ನಾನೂ ಅಷ್ಟೆ" ಅಂದಳು.

ಅಷ್ಟರಲ್ಲಿ ಕ್ಲಾಸಿಗೇ ಫಸ್ಟ್ ಬಂದ ಹುಡುಗ ಬಂದ. ನಮ್ಮನ್ನು ನೋಡಿ ಗಕ್ಕನೆ ನಿಂತು, "ಲೈಬ್ರರಿ ಈ ಕಡೆ ಅಲ್ಲವಾ?" ಅಂದ. ಅವನೂ ಬೆಂಚಿನ ತುದಿಯಲ್ಲಿ ಕೂತ. ಮೂವರೂ ಗೋಡೆ ನೋಡತೊಡಗಿದೆವು.

ಬಾಗಿಲು ತೆರೆಯಿತು. ಮೇಡಂ ನಮ್ಮನ್ನು ಒಮ್ಮೆ ನೋಡಿ ಹೇಳಿದರು: "ಲೈಬ್ರರಿ ಇರುವುದು ಆ ಕಟ್ಟಡದಲ್ಲಿ. ಅಳಬೇಕಾದವರು ಮಾತ್ರ ಒಳಗೆ ಬನ್ನಿ."

ಒಬ್ಬರೂ ಆ ಕಟ್ಟಡಕ್ಕೆ ಹೋಗಲಿಲ್ಲ.

ಫೇಲಾದವರ ಮಾತು

ಮೇಡಂ ನನ್ನನ್ನು ಅನಾಟಮಿ ಸರ್ ಹತ್ತಿರ ಕಳಿಸಿದರು. ಕಾಲೇಜಿನವರೆಲ್ಲ ಹೆದರುವ ಮನುಷ್ಯ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಕುರ್ಚಿ ತೋರಿಸಿದರು.

"ನಾನೂ ಅನಾಟಮಿಯಲ್ಲಿ ಫೇಲಾಗಿದ್ದೆ" ಅಂದರು.

ಎದೆ ಮೇಲಿನ ಕಲ್ಲು ಇಳಿದಂತಾಯಿತು. "ಆಮೇಲೇನು ಮಾಡಿದಿರಿ ಸರ್?"

"ಮತ್ತೆ ಓದಲು ಕೂತೆ" ಅಂದು ಸುತ್ತಲಿನ ಅಸ್ಥಿಪಂಜರಗಳ ಕಡೆ ಕೈ ತೋರಿಸಿದರು. "ನೋಡು, ಇನ್ನೂ ಎದ್ದಿಲ್ಲ."

ಸಣ್ಣದೊಂದು ರೋಗ

ನಾನು ಬಾಡಿಗೆಗಿದ್ದದ್ದು ಬಿಬವೇವಾಡಿಯಲ್ಲಿ, ವಿಜಯಪುರ ಕಡೆಯ ದಂಪತಿಗಳ ಮನೆಯಲ್ಲಿ. ಅವರಿಗೆ ಬಟ್ಟೆ ವ್ಯಾಪಾರ. ನನಗೆ ಜೋರಾಗಿ ಓದಿದರೇ ತಲೆಗೆ ಹತ್ತುವುದು. ಎದುರಿಗೊಬ್ಬರು ಕೇಳುವವರೂ ಬೇಕು. ಮನೆಯೊಡತಿ ಕಾಕು ಸೊಪ್ಪು ಸೋಸುತ್ತಾ, "ಓದವಾ, ನಾ ಕೇಳ್ತೀನಿ" ಅನ್ನುತ್ತಿದ್ದರು. ಇಂಗ್ಲಿಷು ತಿಳಿಯದ ಅವರಿಗೆ ಕನ್ನಡದಲ್ಲಿ ಹೇಳಿ ಹೇಳಿಯೇ ನನಗೆ ಪಾಠ ತಿಳಿಯತೊಡಗಿತು.

ಒಂದೇ ತೊಂದರೆ. ನಾನು ಓದಿದ ರೋಗವೆಲ್ಲ ಕಾಕುಗೆ ಬರುತ್ತಿತ್ತು. ಥೈರಾಯ್ಡ್ ಓದಿದರೆ ಮರುದಿನ ಕುತ್ತಿಗೆ ಮುಟ್ಟಿ ನೋಡಿಕೊಳ್ಳುವರು. ಕಿಡ್ನಿ ಓದಿದ ದಿನ ಸೊಂಟ ಹಿಡಿದುಕೊಂಡೇ ರೊಟ್ಟಿ ಬಡಿದರು. ಪ್ರಾಸ್ಟೇಟ್ ಓದಿದಾಗ ಮಾತ್ರ ಪೂರ್ತಿ ಕೇಳಿ, ಪೇಪರ್ ಓದುತ್ತಿದ್ದ ಕಾಕಾ ಕಡೆ ತಿರುಗಿ, "ಇದು ನಿಮಗ ಬಂತ್ರೀ" ಅಂದರು.

ಪರೀಕ್ಷೆ ಹತ್ತಿರ ಬಂದಾಗ ಒಂದು ಸಂಜೆ ನಾನು ಹೃದಯದ ಅಧ್ಯಾಯ ತೆಗೆದೆ. ಕಾಕು ಗಾಬರಿಯಾಗಿ ನನ್ನ ಕೈ ಹಿಡಿದರು.

"ಯವ್ವಾ, ಇವತ್ತ ಸಣ್ಣದೊಂದು ರೋಗ ಓದು. ನಾಳೆ ಬೀಗರ ಮನೀ ಮದುವಿ ಅದ."

ಅವತ್ತು ನೆಗಡಿ ಓದಿದೆ.

ಆಜೋಬಾ ಖಾಲೀ ಗೇಲೇ

ಎರಡನೇ ವರ್ಷ ವಾರ್ಡಿಗೆ ಹೋಗಲು ಶುರುಮಾಡಿದೆವು. ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು. ನನ್ನ ಮರಾಠಿ ಅಷ್ಟಕ್ಕಷ್ಟೆ. ನನಗೆ ಒಪ್ಪಿಸಿದ ಮೊದಲ ರೋಗಿ ಚಾಕಣ ಕಡೆಯ ಒಬ್ಬ ಮುದುಕ. ಆಜೋಬಾ, ಅಂದರೆ ಅಜ್ಜ ಅಂತಲೇ ಕರೆಯುತ್ತಿದ್ದೆ. ಉಬ್ಬಸಕ್ಕೆ ಸೇರಿದ್ದವರು ಚೇತರಿಸಿಕೊಳ್ಳುತ್ತಿದ್ದರು. ನನ್ನ ತಪ್ಪು ಮರಾಠಿಯನ್ನು ತಿದ್ದುತ್ತಾ, ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಡುತ್ತಿದ್ದರು.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮಂಚ ಬರಿದು, ಹೊಸ ಚಾದರ ಹಾಸಿದೆ. ಸಿಸ್ಟರನ್ನು ಕೇಳಿದೆ. ಅವರು ತಲೆ ಎತ್ತದೆ, "ತೇ ಖಾಲೀ ಗೇಲೇ" ಅಂದರು.

ಗೇಲೇ ಅಂದರೆ ಹೋದರು. ಅಷ್ಟು ನನಗೆ ಗೊತ್ತಿತ್ತು. ಆದರೆ ಮರಾಠಿಯಲ್ಲಿ ‘ಖಾಲೀ’ ಅಂದರೆ ‘ಕೆಳಗೆ’ ಅಂತ ಗೊತ್ತಿರಲಿಲ್ಲ. ನಮ್ಮ ಕಡೆ ಖಾಲಿ ಅಂದರೆ ಖಾಲಿಯೇ. ಅಜ್ಜನ ಕತೆ ಮುಗಿಯಿತು!

ಅಳುತ್ತಾ ವಾರ್ಡಿನ ಡಾಕ್ಟರ್ ಮೇಡಂ ಕೋಣೆಗೆ ಓಡಿದೆ. "ಮೇಡಂ, ನನ್ನ ಪೇಶಂಟ್ ಹೋಗಿಬಿಟ್ಟರು" ಅಂದೆ. ಆಗಷ್ಟೇ ಡ್ಯೂಟಿಗೆ ಬಂದಿದ್ದ ಮೇಡಂ ಯಾರು ಏನು ಅಂತಲೂ ಕೇಳದೆ ನನ್ನನ್ನು ತಬ್ಬಿಕೊಂಡರು. "ಮೊದಲ ಪೇಶಂಟ್ ಹೋದಾಗ ನಾನೂ ಹೀಗೇ ಅತ್ತಿದ್ದೆ" ಅನ್ನುತ್ತಾ ಅವರೂ ಕಣ್ಣೊರೆಸಿಕೊಂಡರು. ನಾನು ಅವರ ಹೆಗಲಿಗೆ ಮುಖ ಒತ್ತಿ ಬಿಕ್ಕಿದೆ.

ಯಾರೋ ಹಿಂದಿನಿಂದ ಬಂದು ನನ್ನ ತಲೆ ಸವರಿದರು. "ಅಳಬೇಡ ಮಗಳೇ, ಎಲ್ಲರೂ ಒಂದು ದಿನ ಹೋಗುವವರೇ" ಅಂತ ಮರಾಠಿಯಲ್ಲಿ ಸಮಾಧಾನ ಹೇಳಿದರು. ಕೆಳಗಿನ ಕ್ಯಾಂಟೀನಿನ ಚಹಾದ ವಾಸನೆ ಬಂತು. "ಹೋದವರು ಯಾರು?"

ನಾನು ತಲೆ ಎತ್ತದೆ ಹೇಳಿದೆ: "ಕಿಟಕಿ ಪಕ್ಕದ ಮಂಚದ ಆಜೋಬಾ."

ತಲೆ ಸವರುತ್ತಿದ್ದ ಕೈ ನಿಂತಿತು.

"ಅರೇ ದೇವಾ! ನಾನು ಹೋಗಿದ್ದು ನನಗ್ಯಾರೂ ಹೇಳಲೇ ಇಲ್ಲವಲ್ಲ!"