ನಮ್ಮವರು ಬಿಡಿಸಿದ ದೋಸೆ

ಇದ್ದುದರಲ್ಲೇ ಸಮಾಧಾನ ಹುಡುಕುವ ಅಭ್ಯಾಸ ನನಗೆ ಎಷ್ಟು ಬಲಿತಿದೆಯೆಂದರೆ, ನಮ್ಮವರು ಮಾತು ಬಿಟ್ಟಾಗಲೂ, ಸದ್ಯ, ನನ್ನ ಸಾರಿಗೆ ಹೆಸರಿಡುವುದಾದರೂ ನಿಂತಿತಲ್ಲ ಎಂದು ಕೃಷ್ಣದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದ್ದೆ. ಆ ಸುಖ ವಾರವೂ ಬಾಳಲಿಲ್ಲ. ಉಪ್ಪು ಹಾಕಲು ಮರೆತ ದಿನವೂ ತೆಪ್ಪಗೆ ಉಂಡು ಎದ್ದರು. ಆಗ ಹೆದರಿಕೆಯಾಯಿತು.

ಪ್ರಾಯವನ್ನೆಲ್ಲ ಗ್ರಾಂಟ್ ರೋಡಿನ ಹೋಟೆಲಿನ ದೋಸೆಕಲ್ಲಿನ ಮುಂದೆ ಸವೆಸಿದವರು ಅವರು. ಹೋಟೆಲು ಮುಚ್ಚಿ ಆ ಜಾಗಕ್ಕೆ ಮೊಬೈಲ್ ಅಂಗಡಿ ಬಂದ ಮೇಲೆ ಘಾಟ್ಕೋಪರಿನ ನಮ್ಮ ಮನೆಯ ಕಿಟಕಿ ಹಿಡಿದು ಕೂತರು. ಜ್ವರವಿಲ್ಲ, ನೋವಿಲ್ಲ, ಮಾತೂ ಇಲ್ಲ. "ಮೌನವ್ರತವಾ?" ಎಂದು ನೆರೆಮನೆಯವರು ಕೇಳಿದರೆ "ಹೌದು" ಅನ್ನುತ್ತಿದ್ದೆ. ದೇವರ ಹೆಸರಿನಲ್ಲಿ ಹೇಳಿದ ಸುಳ್ಳು, ಅವನೇ ಹೊಟ್ಟೆಗೆ ಹಾಕಿಕೊಳ್ಳಲಿ.

ಕೊನೆಗೆ ಡಾಕ್ಟರು ನಮ್ಮನ್ನು ಚಿತ್ರ ಬರೆಸಿ ಮನಸ್ಸಿಗೆ ಮದ್ದು ಮಾಡುವ ಮೇಡಂ ಒಬ್ಬಳ ಹತ್ತಿರ ಕಳಿಸಿದರು. ನಮ್ಮ ಮಗಳ ಪ್ರಾಯದ ಹುಡುಗಿ, ಮಾತೆಲ್ಲ ಹಿಂದಿಯಲ್ಲಿ. ಅವಳ ಜೊತೆಗೆ ಒಂದು ಎಐ. ಟ್ಯಾಬ್ಲೆಟ್ಟಿನ ಮೇಲೆ ಬಿಡಿಸುವ ಗೆರೆಗಳನ್ನು ಅದು ನೋಡಿಕೊಂಡು, ಯಾರ ಮನಸ್ಸಿಗೆ ಯಾವ ಚಿತ್ರ ಹಿತವೆಂದು ಅವಳಿಗೆ ಸೂಚಿಸುತ್ತದಂತೆ. ಗಂಡನ ಮನಸ್ಸು ತಿಳಿಯಲು ಹೆಂಡತಿ ಪಕ್ಕದಲ್ಲಿರುವಾಗ ಮಶೀನು ಯಾಕೆ ಎಂದು ನನಗೆ ಒಳಗೊಳಗೇ ಉರಿ.

ನಮ್ಮವರು ಪೆನ್ನು ಹಿಡಿದು, ಸುತ್ತಿ ಸುತ್ತಿ, ತಟ್ಟೆಯಗಲದ ಒಂದು ಸುರುಳಿ ಬಿಡಿಸಿದರು.

"ಒಳಕ್ಕೆ ಎಳೆಯುವ ಸುಳಿ ಅಂತಿದೆ ಎಐ. ಅದು ತಪ್ಪಿರಲೂಬಹುದು ಆಂಟೀ, ಅಂಕಲ್‌ರನ್ನೇ ಕೇಳೋಣ," ಎಂದಳು ಮೇಡಂ.

ನನಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಬೇಟಾ, ಅದು ದೋಸೆ! ಒಂದು ತುಂಡೂ ತಿನ್ನದ ನಿನ್ನ ಮಶೀನಿಗೆ ಹೇಗೆ ಗೊತ್ತಾಗಬೇಕು?" ಅವಳೂ ನಕ್ಕಳು. ಎಷ್ಟೋ ದಿನದ ಮೇಲೆ ನನಗೆ ಎದೆ ಹಗುರಾಯಿತು.

"ದೋಸೆ ಅಲ್ಲ ಮಾರಾಯ್ತಿ."

ನಮ್ಮವರ ದನಿ! ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು. "ದೋಸೆಯನ್ನು ನಡುವಿನಿಂದ ಹೊರಗೆ ತಿರುಗಿಸುದು. ನಾನು ಹೊರಗಿಂದ ಒಳಗೆ ಹೋದದ್ದು." ಅಷ್ಟು ಹೇಳಿ ಪೆನ್ನು ಕೆಳಗಿಟ್ಟರು.

ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದೆ. ಗೆರೆ ಎಲ್ಲಿಂದ ಹೊರಟಿತೆಂದು ನಾನು ನೋಡಿರಲಿಲ್ಲ.

"ಅಂಕಲ್ ಏನಂದರು ಆಂಟೀ?" ಕನ್ನಡ ಬಾರದ ಮೇಡಂ ನನ್ನ ಮುಖ ನೋಡಿದಳು. ಇಷ್ಟು ವರ್ಷ ತರಕಾರಿಯವನ ಜೊತೆ ಜಗಳಾಡಿ ಗೆದ್ದ ನನ್ನ ಹಿಂದಿ ಅಲ್ಲಿ ಕೈಕೊಟ್ಟಿತು.

"ಮಶೀನ್ ಸಹೀ ಹೈ," ಎಂದಷ್ಟೇ ಹೇಳಿದೆ.