ತುಕ್ಕು ಹಿಡಿದ ಕಪ್ಪೆ

ಕೆಟ್ಟುಹೋದ ವಸ್ತುವನ್ನು ಕಂಡಾಗ ಕೆಲವರಿಗೆ ಗುಜರಿ ಅಂಗಡಿ ನೆನಪಾಗುತ್ತದೆ, ಕೆಲವರಿಗೆ ಮೆಕ್ಯಾನಿಕ್ ನೆನಪಾಗುತ್ತಾನೆ. ನನಗೆ ಭಾನುವಾರ ನೆನಪಾಗುತ್ತದೆ. ಬರುವ ಭಾನುವಾರ ಇದನ್ನು ಬಿಚ್ಚಿ ನೋಡಲೇಬೇಕು ಎಂದು ಕೈ ತುರಿಸತೊಡಗುತ್ತದೆ. ಬಿಚ್ಚುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಮತ್ತೆ ಜೋಡಿಸುವಾಗ ಮಾತ್ರ ಒಂದಷ್ಟು ಸ್ಕ್ರೂಗಳು ನನ್ನ ಅಂಗೈಯಲ್ಲೇ ಉಳಿದುಬಿಡುತ್ತವೆ. ಅವು ಮೊದಲಿನಿಂದಲೂ ಹೆಚ್ಚುವರಿಯಾಗಿಯೇ ಇದ್ದವು ಎಂದು ನಾನು ಮನೆಯವರಿಗೆ ಹೇಳುತ್ತೇನೆ. ನನ್ನ ಕೈ ತಾಗಿದ ಮೇಲೆ ನಮ್ಮ ಮನೆಯ ಟೇಬಲ್ ಫ್ಯಾನು ಆಚೀಚೆ ತಿರುಗುವುದನ್ನು ಬಿಟ್ಟು ಗೋಡೆಯ ಕ್ಯಾಲೆಂಡರಿಗೆ ಮಾತ್ರ ಗಾಳಿ ಹಾಕುತ್ತಿತ್ತು. ಇಂಥವನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಇಂಜಿನಿಯರ್ ಆಗಿದ್ದ ಎಂದರೆ ನೀವು ಆ ಕಾರ್ಖಾನೆಯ ಬಗ್ಗೆ ಗಾಬರಿಯಾಗಬಾರದು. ಅಲ್ಲಿ ರಿಪೇರಿ ಮಾಡುವವರು ಬೇರೆಯೇ ಇದ್ದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತು, ಅವರು ಏನು ಹೇಳಿದರೂ "ಹೂಂ, ನಾನೂ ಅದನ್ನೇ ಅಂದ್ಕೊಂಡಿದ್ದೆ" ಅನ್ನುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ಮಾತಿದು. ನಮ್ಮ ಕಾರ್ಖಾನೆಯ ಹಿಂದಿನ ಹಳೆಯ ಶೆಡ್ಡನ್ನು ಕೆಡವಿ ಹೊಸದು ಕಟ್ಟುವುದೆಂದು ತೀರ್ಮಾನವಾಯಿತು. ಶೆಡ್ಡಿನ ಹಿಂದೆ, ಹೊಂಗೆ ಮರದ ಕೆಳಗೆ ಒಂದು ವಿಚಿತ್ರ ವಾಹನ ಬಿದ್ದಿತ್ತು. ಮುಂದೊಂದು ಹಿಂದೆರಡು, ಒಟ್ಟು ಮೂರು ಚಕ್ರ. ಹಾಗೆಂದು ಆಟೋರಿಕ್ಷಾ ಅಲ್ಲ. ಮೈಯೆಲ್ಲ ಮೋಟರ್‌ ಸೈಕಲ್ಲಿನದು, ಚಕ್ರಗಳು ಮಾತ್ರ ಗುಡಾಣದಷ್ಟು ದಪ್ಪ. ಕಲ್ಲು, ಮರಳು, ಕೆಸರು ಎಲ್ಲದರ ಮೇಲೂ ಓಡುವ ಗಾಡಿಯಂತೆ. ನಮ್ಮ ಮಾಲೀಕರ ಮಗ ಪ್ರಾಯದಲ್ಲಿ ಅದನ್ನು ವಿದೇಶದಿಂದ ತರಿಸಿ, ಆಗ ಬಯಲಾಗಿದ್ದ ಪೀಣ್ಯದಲ್ಲಿ ಒಂದಷ್ಟು ಕಾಲ ಧೂಳೆಬ್ಬಿಸಿ, ಮದುವೆಯಾದ ಮೇಲೆ ಮರೆತಿದ್ದರು. ನಾನು ಅದರ ಸುತ್ತ ಸುಳಿದಾಡುವುದನ್ನು ನೋಡಿ ಅವರೇ ಹೇಳಿದರು: "ಬೇಕಿದ್ರೆ ತಗೊಂಡ್ಹೋಗ್ರೀ. ಜಾಗ ಖಾಲಿಯಾದ್ರೆ ಸಾಕು." ನನಗೆ ಆ ಕ್ಷಣದಲ್ಲಿ ಕಂಡದ್ದು ತುಕ್ಕಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಗುಡ್ಡದ ನೆತ್ತಿಯಲ್ಲಿ ಆ ಗಾಡಿಯ ಮೇಲೆ ಕುಳಿತ ನಾನೇ ನನಗೆ ಕಂಡೆ. ಹೊಟ್ಟೆಯೂ ಕಾಣಲಿಲ್ಲ.

ಟಿ. ದಾಸರಹಳ್ಳಿಯಲ್ಲಿ ಮೂರು ಅಂತಸ್ತಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆ. ಲಗೇಜ್ ಆಟೋದಲ್ಲಿ ಗಾಡಿಯನ್ನು ತಂದು ಗೇಟಿನ ಪಕ್ಕ ಇಳಿಸಿದಾಗ ನನ್ನ ಹೆಂಡತಿ ಗಿರಿಜಾ ಬ್ಯಾಂಕಿನಿಂದ ಆಗ ತಾನೇ ಬಂದು ಸ್ಕೂಟರ್ ನಿಲ್ಲಿಸುತ್ತಿದ್ದಳು. ಅವಳ ತವರು ರಾಣೆಬೆನ್ನೂರಿನ ಕಡೆ. ಬೆಂಗಳೂರಿಗೆ ಬಂದು ಎಷ್ಟು ವರ್ಷವಾದರೂ ಆಶ್ಚರ್ಯವಾದಾಗ ಆ ಕಡೆಯ ಮಾತೇ ಬಾಯಿಗೆ ಬರುತ್ತದೆ.

"ಇದೇನ್ರೀ ಇದು? ಕುಂತ ಕಪ್ಪಿ ಹಂಗೈತಲ್ಲ!"

ಆವತ್ತಿನಿಂದ ಅದರ ಹೆಸರು ಕಪ್ಪೆಯೆಂದೇ ಆಯಿತು.

ಮುಂದಿನ ಭಾನುವಾರ ತಂತಿ ಬ್ರಷ್ಷು, ಉಪ್ಪುಕಾಗದ ಹಿಡಿದು ಕುಳಿತೆ. ತುಕ್ಕು ಉಜ್ಜುವುದರಲ್ಲಿ ಒಂದು ಸುಖವಿದೆ. ಉಜ್ಜಿದಷ್ಟೂ ಏನೋ ಸಾಧಿಸಿದಂತೆ ಅನ್ನಿಸುತ್ತದೆ, ತಲೆ ಉಪಯೋಗಿಸುವ ಅಗತ್ಯವಿಲ್ಲ. ನಾನು ಆ ಸುಖದಲ್ಲಿ ಮೈಮರೆತಿದ್ದಾಗ ಎದ್ದ ಕೆಂಪು ಧೂಳು ಗಾಳಿಯ ಜೊತೆ ಮಹಡಿ ಹತ್ತಿ ಹೋಗಿದ್ದು ನನ್ನ ಗಮನಕ್ಕೆ ಬರಲಿಲ್ಲ. ಅದನ್ನು ಗಮನಕ್ಕೆ ತಂದವರು ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಪುಟ್ಟಸ್ವಾಮಯ್ಯನವರು. ಗುಬ್ಬಿ ಕಡೆಯವರು, ಬಿಳಿ ಪಂಚೆಯ ವಿಷಯದಲ್ಲಿ ಬಹಳ ಶಿಸ್ತು. ಒದ್ದೆಯಾಗಿದ್ದ ಒಂದು ಪಂಚೆಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ಕೆಳಗೆ ಬಂದರು. ಅದು ಪೂರ್ತಿ ಕಾವಿಯ ಬಣ್ಣಕ್ಕೆ ತಿರುಗಿತ್ತು.

"ನಂಗಿನ್ನೂ ಮಗಳ ಮದುವೆ ಮಾಡೋದಿದೆ ಸಾರ್. ಈಗ್ಲೇ ಸನ್ಯಾಸ ಕೊಡಿಸ್ಬಿಟ್ರಲ್ಲ!"

ನಾನು ಕ್ಷಮೆ ಕೇಳಿದೆ. ಅವರ ಕಣ್ಣು ಆಗಲೇ ಕಪ್ಪೆಯ ಮೇಲೆ ಬಿದ್ದಾಗಿತ್ತು. ಮಗಳು ರೇಖಾಳ ನಿಶ್ಚಿತಾರ್ಥ ಗೊತ್ತಾಗಿದೆ, ಇಲ್ಲೇ ಟೆರೇಸಿನ ಮೇಲೆ ಶಾಮಿಯಾನ ಹಾಕಿಸುತ್ತೇವೆ, ಬೀಗರು ದೊಡ್ಡ ಮನುಷ್ಯರು ಎಂದೆಲ್ಲ ಹೇಳಿ ಕೊನೆಗೆ ವಿಷಯಕ್ಕೆ ಬಂದರು. "ಅವ್ರು ಗೇಟಿಗೆ ಕಾಲಿಡೋ ಹೊತ್ತಿಗೆ ಈ ಗುಜರಿ ಇಲ್ಲಿರ್ಬಾರ್ದು ಕಣ್ರೀ. ಓಡ್ಸಿ, ಇಲ್ಲಾ ಸಾಗಿಸಿ." ಗುಜರಿ ಎಂದದ್ದು ನನ್ನ ಎದೆಗೆ ನಾಟಿತು. ಓಡಿಸಿಯೇ ತೋರಿಸುತ್ತೇನೆ ಎಂದುಬಿಟ್ಟೆ. ಮೂರನೆಯ ಅಂತಸ್ತಿನ ನಮ್ಮ ಬಾಲ್ಕನಿಯಿಂದ ಗಿರಿಜಾ ಇದನ್ನೆಲ್ಲ ಕೇಳಿಸಿಕೊಂಡಳು. ರಾತ್ರಿ ಊಟಕ್ಕೆ ಬಡಿಸುವಾಗ ಅವಳು ಫ್ಯಾನನ್ನು ಒಮ್ಮೆ, ಕ್ಯಾಲೆಂಡರನ್ನು ಒಮ್ಮೆ ನೋಡಿದಳು.

ಓಡಿಸುವುದೆಂದರೆ ಇಂಜಿನ್ನಿನ ಸಮಸ್ಯೆ ಎಂದು ನಾನು ತಿಳಿದಿದ್ದೆ. ಇಂಜಿನ್ನು ಪುಣ್ಯಾತ್ಮ. ಕಾರ್ಬ್ಯುರೇಟರ್ ತೊಳೆದು, ಹೊಸ ಪ್ಲಗ್ಗು ಹಾಕಿದೊಡನೆ ಬದುಕುವ ಲಕ್ಷಣ ತೋರಿಸಿತು. ಅದಕ್ಕೆ ಕಿಕ್ಕರ್ ಇಲ್ಲ. ಹಗ್ಗ ಎಳೆದು ಸ್ಟಾರ್ಟ್ ಮಾಡಬೇಕು. ಇದ್ದ ಹಗ್ಗ ಮೊದಲ ಎಳೆತಕ್ಕೇ ತುಂಡಾಗಿ ನನ್ನ ಕೈಗೆ ಬಂದದ್ದರಿಂದ ಬಟ್ಟೆ ಒಣಗಿಸುವ ನೈಲಾನ್ ಹಗ್ಗವನ್ನು ಸದ್ದಿಲ್ಲದೆ ತಂದು ಸುತ್ತಿದೆ. ಟೈರುಗಳಿಗೆ ಪಂಕ್ಚರ್ ಅಂಗಡಿಯವನು ಯಾವುದೋ ಗಾಡಿಯ ಟ್ಯೂಬುಗಳನ್ನು ತುರುಕಿ, ದೇವರ ಮೇಲೆ ಭಾರ ಹಾಕಿದ. ಕೈಕೊಟ್ಟದ್ದು ಚಾಸಿ, ಗಾಡಿಯ ಅಸ್ಥಿಪಂಜರ. ಬಣ್ಣ ಕೆರೆಯುತ್ತ ಸೀಟಿನ ಕೆಳಗಿನ ಪೈಪಿನ ಮೇಲೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕುಟ್ಟಿದೆ. ಸ್ಕ್ರೂಡ್ರೈವರು ಹಪ್ಪಳದೊಳಗೆ ತೂರಿದಂತೆ ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಬಂತು.

ಪೀಣ್ಯದ ಸಣ್ಣ ವರ್ಕ್‌ಶಾಪೊಂದರಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಹನುಮಪ್ಪ ನನಗೆ ಪರಿಚಯ. ಬಾದಾಮಿ ಕಡೆಯವನು, ನಮ್ಮ ಬೀದಿಯ ಕೊನೆಯಲ್ಲೇ ಬಾಡಿಗೆ ರೂಮು. ಅವನನ್ನು ಕರೆತಂದೆ. ಅವನು ಕಪ್ಪೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕುಕ್ಕರುಗಾಲಲ್ಲಿ ಕುಳಿತು, ಬೆರಳಿನಿಂದ ಪೈಪನ್ನು ಮುಟ್ಟಿ ನೋಡಿದ. ಮುಟ್ಟಿದ ಜಾಗ ಉದುರಿತು.

"ಸಾಹೇಬ್ರ, ವೆಲ್ಡಿಂಗ್ ಹಿಡೀಬೇಕಂದ್ರ ಕಬ್ಬಿಣ ಬೇಕಲ್ರೀ? ಇಲ್ಲಿ ಬರೇ ತುಕ್ಕು ನಿಂತೈತಿ, ಬಣ್ಣದ ಆಸರಿ ಮ್ಯಾಲೆ."

ಆದರೆ ಹನುಮಪ್ಪನದೂ ನನ್ನದೇ ಜಾತಿಯ ಕಾಯಿಲೆ. ಆಗದು ಎನ್ನುವ ಕೆಲಸ ಕಂಡರೆ ಅವನಿಗೂ ಕೈ ತುರಿಸುತ್ತದೆ. ಕೊಳೆತ ಪೈಪುಗಳನ್ನು ಕತ್ತರಿಸಿ ಹೊಸದನ್ನು ಹಾಕುವುದೆಂದು ಇಬ್ಬರೂ ಸೇರಿ ನಿರ್ಧರಿಸಿದೆವು. ನಾನು ಅಳತೆ ತೆಗೆದೆ, ಅವನು ಕತ್ತರಿಸಿದ. ಮೊದಲ ಸಲ ಪೈಪು ಗಿಡ್ಡವಾಯಿತು. ತಪ್ಪು ನನ್ನ ಅಳತೆಯದೆಂದು ಅವನು, ಅವನ ಗರಗಸದ್ದೆಂದು ನಾನು, ಟೀ ಕುಡಿಯುತ್ತ ಬಹಳ ಹೊತ್ತು ಚರ್ಚಿಸಿದೆವು. ಅವನು ಅಳತೆ ತೆಗೆದು ನಾನು ಕತ್ತರಿಸಿದಾಗ ಉದ್ದವಾಯಿತು. ಆಮೇಲೆ ಇಬ್ಬರಿಗೂ ಪರಸ್ಪರ ಗೌರವ ಹುಟ್ಟಿತು. ಹೀಗೆ ಭಾನುವಾರಗಳು ಕಳೆದವು. ಕೊನೆಗೆ ಚಾಸಿ ಗಟ್ಟಿಯಾಯಿತು. ಎಷ್ಟು ಗಟ್ಟಿಯೆಂದರೆ ಮೊದಲಿನ ಅರ್ಧದಷ್ಟು ತೂಕ ಜಾಸ್ತಿಯಾಗಿತ್ತು. ಕೆಂಪು ಬಣ್ಣ ಹೊಡೆಯಲು ಡಬ್ಬಿ ಹಿಡಿದು ಬಂದವನು ಬೆಚ್ಚಿಬಿದ್ದೆ. ಸೀಟಿನ ಹಿಂದೆ, ಮಂಚದಂಥ ಒಂದು ಕಬ್ಬಿಣದ ಕ್ಯಾರಿಯರ್ ಮೂಡಿಬಿಟ್ಟಿತ್ತು.

"ಇದ್ಯಾಕಪ್ಪ ಹಾಕ್ದೆ?"

"ಇಷ್ಟ್ ಗಟ್ಟಿ ಗಾಡಿಗೆ ಹಿಂದ ಏನಾರ ಹೇರಾಕ ಬ್ಯಾಡೇನ್ರೀ? ಪೈಪು ಉಳಿದಿತ್ತು."

ಗುಡ್ಡದ ನೆತ್ತಿಯ ಮೇಲಿನ ಆ ಕಪ್ಪು ಕನ್ನಡಕದವನ ಹಿಂದೆ ಹಾಲಿನವನ ಕ್ಯಾರಿಯರ್! ತೆಗೆಸಬೇಕೆಂದುಕೊಂಡೆ. ಹನುಮಪ್ಪನ ಮುಖದಲ್ಲಿದ್ದ ಹೆಮ್ಮೆ ನೋಡಿ ಅದಕ್ಕೂ ಕೆಂಪು ಬಣ್ಣ ಹೊಡೆದೆ.

ನಿಶ್ಚಿತಾರ್ಥದ ಹಿಂದಿನ ಭಾನುವಾರ ಬೆಳಿಗ್ಗೆ ಮೊದಲ ಸವಾರಿ. ಅಪಾರ್ಟ್‌ಮೆಂಟಿನವರೆಲ್ಲ ಕಾಫಿ ಲೋಟದ ಜೊತೆ ಬಾಲ್ಕನಿಗಳಲ್ಲಿ ನಿಂತಿದ್ದರು. ಹಗ್ಗ ಎಳೆದೆ. ಕಪ್ಪೆ ಬರೀ ಕೆಮ್ಮಿತು, ನಾಲ್ಕನೆಯ ಎಳೆತಕ್ಕೆ ಗುಡುಗಿತು. ಮೇಲಿನಿಂದ ಚಪ್ಪಾಳೆ ಬಂತು. ಗೇಟು ದಾಟಿ ಬೀದಿಗೆ ಬಂದೆ. ಎದುರಿಗೆ, ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳಿನ ಗುಡ್ಡೆ. ಅಲ್ಲಿ ಎಡಕ್ಕೆ ತಿರುಗಬೇಕು. ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದೆ. ಮುಂದಿನ ಚಕ್ರ ವಿಧೇಯವಾಗಿ ಎಡಕ್ಕೆ ನೋಡಿತು. ಗಾಡಿ ಮಾತ್ರ ನೇರವಾಗಿಯೇ ಹೋಯಿತು. ಇನ್ನಷ್ಟು ತಿರುಗಿಸಿದೆ. ಇನ್ನಷ್ಟು ನೇರವಾಗಿ ಹೋಯಿತು. ಅದು ಯಾವ ಆತುರವೂ ಇಲ್ಲದೆ ಮರಳಿನ ಗುಡ್ಡೆ ಹತ್ತಿ ತುದಿಯಲ್ಲಿ ಕುಳಿತುಕೊಂಡಿತು, ನಾನು ಮಾತ್ರ ಆಚೆ ಬದಿಯಿಂದ ಜಾರಿ ಕೆಳಗೆ ಬಂದೆ. ಈ ಸಲದ ಚಪ್ಪಾಳೆ ಇನ್ನೂ ಜೋರಾಗಿತ್ತು.

ಗಿರಿಜಾ ಓಡಿಬಂದಳು. "ಪೆಟ್ಟಾತೇನ್ರೀ?" ಎಂದು ಮೈಕೈ ಮುಟ್ಟಿ ನೋಡಿದಳು. ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಗಾಡಿಯನ್ನು ನೋಡಿದಳು. "ಸರೀರಿ, ನಾ ಒಂದೀಟು ನೋಡ್ತೀನಿ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಗುಡ್ಡೆಯಿಂದ ಮೆಲ್ಲಗೆ ಇಳಿಸಿ, ಬೀದಿಯ ತುದಿಗೆ ಹೋಗಿ, ಎಡಕ್ಕೆ ತಿರುಗಿ, ಮರೆಯಾಗಿ, ಸ್ವಲ್ಪ ಹೊತ್ತಿಗೆ ಬಲಗಡೆಯ ಬೀದಿಯಿಂದ ಪ್ರತ್ಯಕ್ಷಳಾದಳು. ಹೇಗೆ ಎಂದು ಕೇಳಿದೆ. ಚಿಕ್ಕವಳಿದ್ದಾಗ ಉತ್ತ ಹೊಲ ಸಮ ಮಾಡಲು ಎತ್ತುಗಳು ಎಳೆಯುವ ಮರದ ಹಲಗೆಯ ಮೇಲೆ ಅವಳ ಅಪ್ಪ ಅವಳನ್ನು ನಿಲ್ಲಿಸುತ್ತಿದ್ದರಂತೆ. "ಹಲಗಿ ಮ್ಯಾಲೆ ನಿಂತಾಕಿಗೆ ಇದ್ಯಾವ ದೊಡ್ಡ ಮಾತು? ತಿರುಗೋವಾಗ ಯಾವ ಕಾಲ ಮ್ಯಾಲೆ ಭಾರ ಬಿಡಬೇಕು ಅಂತ ಮೈಗೇ ತಿಳೀತೈತ್ರಿ." ನನಗೆ ಸಂತೋಷವಾಯಿತು ಎಂದು ಬರೆಯಬೇಕಿತ್ತು. ನಿಜ ಹೇಳುವುದಾದರೆ ಎರಡು ದಿನ ನಾನು ಅವಳ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದೆ. ಮೂರನೆಯ ದಿನ ಸ್ಕೂಟರಿಗೆ ಪೆಟ್ರೋಲ್ ಇದೆಯೇ ಎಂದು ಅವಳು ಕೇಳಿದಾಗ ಮಾತು ತಾನಾಗಿ ಬಂತು.

ನಿಶ್ಚಿತಾರ್ಥದ ಹಿಂದಿನ ರಾತ್ರಿ ಸುರಿದ ಮಳೆಯನ್ನು ನಮ್ಮ ಬೀದಿಯವರು ಮರೆತಿರಲಾರರು. ಕೊಳವೆ ಹಾಕಲೆಂದು ರಸ್ತೆಯನ್ನು ಆಗಷ್ಟೇ ಅಗೆದು ಮಣ್ಣು ಮುಚ್ಚಿದ್ದರು. ಬೆಳಿಗ್ಗೆ ನೋಡಿದರೆ ಮುಖ್ಯರಸ್ತೆಯಿಂದ ನಮ್ಮ ಗೇಟಿನವರೆಗೆ ರಸ್ತೆಯೇ ಇರಲಿಲ್ಲ, ರಾಗಿ ಅಂಬಲಿಯಂಥ ಕೆಸರಿತ್ತು. ಅಡುಗೆಯವರು ತಮ್ಮ ಜಾಗದಲ್ಲೇ ಅಡುಗೆ ಮಾಡಿ ತಂದಿದ್ದ ಟೆಂಪೋ ಆ ತುದಿಯಲ್ಲಿ ಹೂತು ನಿಂತಿತ್ತು. ಇಬ್ಬರು ಅನ್ನದ ಹಂಡೆ ಹೊತ್ತು ನಡೆಯಲು ಹೋಗಿ, ಒಬ್ಬನ ಕಾಲು ಮೊಣಕಾಲಿನವರೆಗೆ ಇಳಿಯಿತು, ಹಂಡೆ ಸ್ವಲ್ಪದರಲ್ಲಿ ಉಳಿಯಿತು. ಪುಟ್ಟಸ್ವಾಮಯ್ಯನವರು ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಗೇಟಿನಲ್ಲಿ ನಿಂತಿದ್ದರು.

"ಬೀಗರು ಹೊರಟಾಯ್ತಂತೆ ಸಾರ್. ಊಟ ಅಲ್ಲಿ, ನಾವಿಲ್ಲಿ. ನನ್ನ ಮಗಳ ಮುಖ ನೋಡಕ್ಕಾಗ್ತಿಲ್ಲ ನಂಗೆ."

ಅವರ ಹಿಂದೆ ರೇಖಾ ಹೂ ಮುಡಿದುಕೊಂಡು ನಿಂತಿದ್ದಳು. ಅಳಬಾರದೆಂದು ತುಟಿ ಕಚ್ಚಿಕೊಂಡಿದ್ದಳು. ನಾನು ಇನ್ನೂ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಗಿರಿಜಾ ಉಟ್ಟಿದ್ದ ರೇಷ್ಮೆ ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿಯಾಗಿತ್ತು.

"ರೀ, ಕಪ್ಪಿ ಹಗ್ಗ ಎಳೀರಿ."

ಎಳೆದೆ. ಎಂದೂ ಮೊದಲ ಎಳೆತಕ್ಕೆ ಏಳದ ಗಾಡಿ ಅಂದು ಎದ್ದಿತು. ಆ ಗುಡಾಣದಂಥ ಚಕ್ರಗಳು ಕೆಸರಿನ ಮೇಲೆ ಬಾತುಕೋಳಿಯಂತೆ ತೇಲಿಕೊಂಡು ಹೋದವು. ಹನುಮಪ್ಪ ಎಲ್ಲಿಂದಲೋ ಓಡಿಬಂದು, ತನ್ನ ಕ್ಯಾರಿಯರಿನ ಮೇಲೆ ಅನ್ನದ ಹಂಡೆ ಇಟ್ಟು ಕಟ್ಟಿದ. ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಪಲ್ಯ, ಹೋಳಿಗೆ, ಪಾಯಸ. ಸಾರಿನ ಪಾತ್ರೆಗೆ ಮುಚ್ಚಳ ಸರಿಯಾಗಿ ಕೂರದ್ದರಿಂದ ಅದನ್ನು ಒತ್ತಿ ಹಿಡಿಯಲು ಒಬ್ಬರು ಬೇಕಾಯಿತು. ಆ ಜವಾಬ್ದಾರಿ ನನಗೆ ಬಂತು. ಸೊಂಟಕ್ಕೊಂದು ಟವೆಲ್ಲು ಸುತ್ತಿ, ಗಾಡಿಯ ಹಿಂದೆ ಬಗ್ಗಿ ಓಡುತ್ತ, ಗುಂಡಿ ಬಂದಾಗಲೆಲ್ಲ ಒಂದು ಸೌಟು ಸಾರನ್ನು ಎದೆಗೆ ತೆಗೆದುಕೊಳ್ಳುತ್ತ ಗೇಟು ಮುಟ್ಟಿದೆ.

ಅಷ್ಟರಲ್ಲಿ ಬೀಗರ ಕಾರುಗಳು ಆ ತುದಿಗೆ ಬಂದು ನಿಂತವು. ಗಂಡಸರು ಪ್ಯಾಂಟು ಮಡಚಿಕೊಂಡು ಹೇಗೋ ಬಂದರು. ಹುಡುಗನ ಅಜ್ಜಿ ಮಾತ್ರ ಕಾರಿನಿಂದ ಇಳಿಯಲೊಲ್ಲರು. ಗಿರಿಜಾ ಹೋಗಿ ಕ್ಯಾರಿಯರಿನ ಮೇಲೆ ಜಮಖಾನ ಮಡಚಿ ಹಾಸಿ, ಅಜ್ಜಿಯನ್ನು ಕೂರಿಸಿ, ಅವರ ಕೈಗಳನ್ನು ತನ್ನ ಸೊಂಟಕ್ಕೆ ಸುತ್ತಿಸಿಕೊಂಡು ಹೊರಟಳು. ಅರ್ಧ ದಾರಿಯವರೆಗೆ ಅಜ್ಜಿ ಕಣ್ಣು ಮುಚ್ಚಿ ಶಿವ ಶಿವ ಎನ್ನುತ್ತಿದ್ದರು. ಉಳಿದರ್ಧದಲ್ಲಿ ಕಣ್ಣು ಬಿಟ್ಟರು. ಗೇಟಿನ ಹತ್ತಿರ ಗಾಡಿ ನಿಂತಾಗ ಇಳಿಯಲಿಲ್ಲ.

"ಇನ್ನೊಂದು ಸುತ್ತು ಹೊಡಿಯವ್ವಾ. ಅವ್ರೆಲ್ಲ ಕಾಲು ತೊಳ್ಕಳ್ಲಿ ಅಲ್ಲೀಗಂಟ."

ರೇಖಾ ನಕ್ಕದ್ದು ಆಗ. ಹುಡುಗ ಆವತ್ತು ಅವಳನ್ನು ಮೊದಲು ನೋಡಿದ್ದು ನಗುವಾಗಲೇ. ಆಮೇಲೆ ಶಾಸ್ತ್ರಗಳು ಸಲೀಸಾಗಿ ನಡೆದವು. ಬೀಗರು ಗಾಡಿಯ ಸುತ್ತ ನಿಂತು ಇದು ಯಾರದ್ದೆಂದು ಕೇಳಿದರು. ಪುಟ್ಟಸ್ವಾಮಯ್ಯನವರು ಎದೆಯುಬ್ಬಿಸಿ, "ನಮ್ಮ ಅಪಾರ್ಟ್‌ಮೆಂಟಿಂದೇ ಸಾರ್. ನಮ್ಮ ಗಿರಿಜಾ ಮೇಡಂ ಗಾಡಿ" ಅಂದರು. ಕೊಳೆತ ಪೈಪು, ತುಕ್ಕು, ನನ್ನ ಭಾನುವಾರಗಳು ಎಲ್ಲವನ್ನೂ ವಿವರಿಸೋಣವೆಂದು ನಾನು ಮುಂದೆ ಬಂದೆ. ಬೀಗರು ನನ್ನ ಅಂಗಿಯ ಮೇಲಿನ ಸಾರು, ಸೊಂಟದ ಟವೆಲ್ಲು ನೋಡಿ ವಿಶ್ವಾಸದಿಂದ ಹೇಳಿದರು: "ಸಾರು ಸಕ್ಕತ್ತಾಗಿದೆ ಕಣಪ್ಪ ಅಂತ ವಾಸನೇಲೇ ಗೊತ್ತಾಗುತ್ತೆ. ಎರಡನೇ ಪಂಕ್ತಿಗೂ ಸ್ವಲ್ಪ ಉಳಿಸಿರು." ಉಳಿಸಿದೆ. ಅವರು ಕುಳಿತಾಗ ನಾನೇ ಬಡಿಸಿದೆ ಕೂಡ.

ಆಮೇಲೆ ಪುಟ್ಟಸ್ವಾಮಯ್ಯನವರೇ ಗೇಟಿನ ಪಕ್ಕ ಕಪ್ಪೆಗೊಂದು ತಗಡಿನ ಚಪ್ಪರ ಹಾಕಿಸಿಕೊಟ್ಟರು. ನನ್ನ ಆಸೆ ಮಾತ್ರ ಹಾಗೆಯೇ ಉಳಿದಿತ್ತು. ನನಗೂ ಕಲಿಸು ಎಂದು ಗಿರಿಜಾಳನ್ನು ಕೇಳಿದೆ. ಹಿಂದಿನ ಬಡಾವಣೆಯಲ್ಲಿ ಇನ್ನೂ ಮನೆಗಳು ಬಾರದ ಖಾಲಿ ಸೈಟುಗಳಿದ್ದವು. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗತೊಡಗಿದೆವು. "ಎಡಕ್ಕ ತಿರುಗಬೇಕಂದ್ರ ಬಲಗಾಲ ಮ್ಯಾಲೆ ಭಾರ ಬಿಡ್ರಿ" ಎಂದು ಅವಳು ಹೇಳಿಕೊಡುತ್ತಿದ್ದಳು. ಹಿಂದಿನ ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದಿದ್ದರಿಂದ ಒಳಬದಿಯದನ್ನು ಹಗುರ ಮಾಡದೆ ಗಾಡಿ ತಿರುಗುವುದಿಲ್ಲ. ಇದನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಬಲ್ಲೆ. ತಿರುವು ಬಂದಾಗ ಮಾತ್ರ ನನ್ನ ಮೈ ಸಿಮೆಂಟ್ ಚೀಲದಂತೆ ಕುಳಿತುಬಿಡುತ್ತಿತ್ತು. ಆದ್ದರಿಂದ ನಾನೊಂದು ಉಪಾಯ ಕಂಡುಕೊಂಡೆ. ಕಾಂಪೌಂಡ್ ಗೋಡೆ ಸಿಗುವವರೆಗೆ ನೇರ ಹೋಗುತ್ತಿದ್ದೆ. ಗೋಡೆ ಬಂದಾಗ ಇಳಿದು, ಮುಂದಿನ ಚಕ್ರವನ್ನು ಎತ್ತಿ, ಗಾಡಿಯ ಮುಖವನ್ನು ಕೈಯಿಂದಲೇ ಹಿಂದಕ್ಕೆ ತಿರುಗಿಸಿ, ಮತ್ತೆ ಹತ್ತಿ ನೇರವಾಗಿ ವಾಪಸ್ಸು ಬರುತ್ತಿದ್ದೆ.

ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ಸುಮಾರು ಹೊತ್ತು ನೋಡಿದಳು.

"ಮಾತಿಗೆ ಕುಂತ್ರೂ ನೀವು ಹಿಂಗ ರೀ. ಗ್ವಾಡಿ ಬರೋತನಕ ತಿರುಗಂಗಿಲ್ಲ."

ಹಾಗೇನೂ ಇಲ್ಲ ಎಂದು ನಾನು ಮನೆ ಮುಟ್ಟುವವರೆಗೂ ಅವಳ ಜೊತೆ ವಾದ ಮಾಡಿದೆ.